ಜೀವಮಾನವಿಡೀ ಮನೆ ನೋಡಿಕೊಂಡ ಲೂಥರನ್ ಅಮ್ಮನ ಜೀವನ ಚರಿತ್ರೆಯಲ್ಲಿ ಏನು ಬರೆಯಬೇಕು?

ನೀವು ಕೇಳಿದ್ದು ಇಷ್ಟು: ಅಮ್ಮ 92ನೇ ವಯಸ್ಸಿನಲ್ಲಿ ತೀರಿಕೊಂಡರು. ತವರು ತಮಿಳುನಾಡಿನ ಕರಾವಳಿಯ ತರಂಗಂಬಾಡಿ ಕಡೆಯ ತಮಿಳು ಲೂಥರನ್ (ಮಾರ್ಟಿನ್ ಲೂಥರ್ ಹಾದಿಯ ಪ್ರೊಟೆಸ್ಟೆಂಟ್) ಮನೆತನ. ಮದುವೆಯಾಗಿ ಕೊಡಗಿನ ಸಿದ್ದಾಪುರದ ಹತ್ತಿರದ ಕಾಫಿ ತೋಟಕ್ಕೆ ಬಂದವರು, ಕೊನೆಯವರೆಗೂ ಇಲ್ಲಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೇ ಹೋದರು. ಸ್ಮರಣಾರ್ಥ ಆರಾಧನೆಯಲ್ಲಿ ಓದಲು ಸಭಾಪಾಲಕರು ಐದು ನಿಮಿಷ ಕೊಟ್ಟಿದ್ದಾರೆ. ‘ಅಮ್ಮ ಬರೀ ಮನೆಯಲ್ಲಿದ್ದವರು, ಬರೆಯಲು ಏನಿದೆ?’

ಇಂಥ ಬರಹಗಳನ್ನು ತಿದ್ದಿಕೊಡುವ ಕೆಲಸ ನನ್ನದು. ಮೊದಲು ಆ ‘ಬರೀ’ ತೆಗೆದುಹಾಕಿ. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1522ರಲ್ಲೇ ಬರೆದಿದ್ದರು: ಮಗುವಿನ ಬಟ್ಟೆ ಒಗೆಯುವ ಅಪ್ಪನನ್ನು ಕಂಡು ಊರು ಗೇಲಿ ಮಾಡಬಹುದು, ದೇವರು ಮಾತ್ರ ದೂತರ ಸಮೇತ ಮೆಚ್ಚಿ ನಗುತ್ತಾನೆ ಎಂದು. ಅವರ ಹೆಂಡತಿ ಕ್ಯಾಥರೀನಾ (1499–1552) ವಿಟ್ಟನ್‌ಬರ್ಗ್‌ನ ಹಳೆಯ ಮಠದ ಕಟ್ಟಡದಲ್ಲಿ ಮಕ್ಕಳು, ನೆಂಟರು, ಊಟಕ್ಕೆ ನಿಂತ ವಿದ್ಯಾರ್ಥಿಗಳನ್ನೆಲ್ಲ ಸಾಕುತ್ತ, ತೋಟ ನೋಡಿಕೊಂಡು, ಬಿಯರನ್ನೂ ಮನೆಯಲ್ಲೇ ತಯಾರಿಸುತ್ತಿದ್ದರು. ಮನೆಗೆಲಸವೂ ದೇವರು ಕರೆದು ಕೊಟ್ಟ ಕೆಲಸ ಅನ್ನುವುದು ನಿಮ್ಮ ತಾಯಿ ಬೆಳೆದ ಲೂಥರನ್ ಸಭೆಯ ಮೂಲ ಬೋಧನೆಗಳಲ್ಲಿ ಒಂದು. ಹಾಗಾಗಿ ಐದು ನಿಮಿಷದಲ್ಲಿ ಮೂರು ನಿಮಿಷ ಆ ಕೆಲಸಕ್ಕೇ ಇಡಿ.

ಬರೆಯಲು ಕೂರುವ ಮೊದಲು ತಾರೀಕುಗಳನ್ನು ಸರಿಮಾಡಿಕೊಳ್ಳಿ. ಹೆಚ್ಚು ಎಡವಟ್ಟಾಗುವುದು ಇಲ್ಲೇ. ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಅಂತಿದ್ದರೆ ನಂಬಬೇಡಿ. ವರ್ಷ ಮಾತ್ರ ಹೇಳಿದ ಹಿರಿಯರಿಗೆ ಆ ತಾರೀಕು ತಾನಾಗಿ ಬಂದು ಕೂತಿರುತ್ತದೆ. ಗಟ್ಟಿ ಆಧಾರ ದೀಕ್ಷಾಸ್ನಾನದ ರಿಜಿಸ್ಟರ್. ಅದರಲ್ಲಿ ಹುಟ್ಟಿದ ದಿನ, ಸ್ನಾನದ ದಿನ ಎರಡೂ ಬೇರೆ ಬೇರೆ ಕಾಲಮ್‌ನಲ್ಲಿರುತ್ತವೆ. ಅವಸರದಲ್ಲಿ ನಕಲು ಮಾಡುವವರು ಎರಡನೆಯದನ್ನು ಹುಟ್ಟುಹಬ್ಬ ಮಾಡಿಬಿಡುತ್ತಾರೆ. ಈ ರಿಜಿಸ್ಟರ್ ಕೊಡಗಿನಲ್ಲಿ ಸಿಗುವುದಿಲ್ಲ. ತಮಿಳು ಇವಾಂಜೆಲಿಕಲ್ ಲೂಥರನ್ ಸಭೆ 1919ರಲ್ಲಿ ಸ್ವಂತ ಆಡಳಿತದ ಸಭೆಯಾಯಿತು, 1947ರಲ್ಲಿ ಸಿ.ಎಸ್.ಐ. ಹುಟ್ಟಿದಾಗ ಅದರೊಳಗೆ ಸೇರಲಿಲ್ಲ. ಆದ್ದರಿಂದ ತವರೂರಿನ ಸಭೆಗೇ ಕಾಗದ ಬರೆಯಿರಿ: ಅಜ್ಜನ ಹೆಸರು, ಊರು, ಹೆಚ್ಚುಕಡಿಮೆ ಯಾವ ವರ್ಷ. ಅಮ್ಮನ ಮದುವೆಗೆ ಮುಂಚಿನ ಹೆಸರನ್ನೂ ಕೊಡಿ, ಇಲ್ಲವಾದರೆ ಅಲ್ಲಿಯವರಿಗೆ ಹುಡುಕುವ ದಾರಿಯೇ ಇಲ್ಲ. ಮದುವೆ 1872ರ ಕ್ರೈಸ್ತ ವಿವಾಹ ಕಾಯ್ದೆಯಂತೆ ನಡೆದಿದ್ದರೆ ಆ ರಿಜಿಸ್ಟರಿನಲ್ಲಿ ವಧುವಿನ ವಯಸ್ಸು, ತಂದೆಯ ಹೆಸರು, ವಾಸದ ಊರು ಇರುತ್ತವೆ. ಎರಡನ್ನೂ ತಾಳೆ ನೋಡಿ. ಹೊಂದದಿದ್ದರೆ ವರ್ಷವನ್ನಷ್ಟೇ ಬರೆದು ಮುಂದೆ ಹೋಗಿ.

ಅಮ್ಮನ ಹಳೆಯ ಬೈಬಲಿನ ಮೊದಲ ಹಾಳೆ, ಕೊನೆಯ ಹಾಳೆ ಎರಡನ್ನೂ ನೋಡಿ, ಮಕ್ಕಳ ಹುಟ್ಟು ಅಲ್ಲಿ ಬರೆದಿರುವುದುಂಟು. ಒಳಗೆ ದೃಢೀಕರಣದ (ಬೆಳೆದ ಮೇಲೆ ಸಭೆಯ ಮುಂದೆ ನಂಬಿಕೆಯನ್ನು ಒಪ್ಪಿ ಹೇಳುವ ವಿಧಿ) ಚೀಟಿಯೇನಾದರೂ ಇದ್ದರೆ ದೊಡ್ಡ ಭಾಗ್ಯ. ಲೂಥರನ್ ಪದ್ಧತಿಯಲ್ಲಿ ದೃಢೀಕರಣದ ದಿನ ಒಬ್ಬೊಬ್ಬರಿಗೂ ಒಂದು ವಚನ ಕೊಡುವ ವಾಡಿಕೆ ಇದೆ. ಸಿಕ್ಕರೆ ಸಭಾಪಾಲಕರಿಗೆ ತಕ್ಷಣ ತಿಳಿಸಿ, ಪ್ರಸಂಗಕ್ಕೆ ಅದನ್ನೇ ತೆಗೆದುಕೊಳ್ಳಬಹುದು. ಬೈಬಲಿನ ಜ್ಞಾನೋಕ್ತಿ 31 (ಗುಣವತಿ ಹೆಂಡತಿಯ ಅಧ್ಯಾಯ) ಅಂತೂ ಎಲ್ಲ ಅಮ್ಮಂದಿರಿಗೂ ಓದಿ ಓದಿ ಸವೆದಿದೆ.

ಈಗ ಕೆಲಸದ ಭಾಗ. ನೆಂಟರನ್ನು ‘ಅಮ್ಮ ಹೇಗಿದ್ದರು?’ ಅಂತ ಕೇಳಿದರೆ ‘ತುಂಬ ಒಳ್ಳೆಯವರು’ ಎಂಬ ಉತ್ತರ ಬರುತ್ತದೆ, ಅದರಿಂದ ಒಂದು ಸಾಲೂ ಹುಟ್ಟುವುದಿಲ್ಲ. ಹೀಗೆ ಕೇಳಿ: ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು? ಕಾಫಿ ಕೊಯ್ಲಿನ ಡಿಸೆಂಬರ್–ಫೆಬ್ರವರಿಯಲ್ಲಿ ಒಲೆಗೆ ಬೆಂಕಿ ಎಷ್ಟು ಹೊತ್ತಿಗೆ ಬೀಳುತ್ತಿತ್ತು? ಸಂಬಳದ ದುಡ್ಡು ಯಾವ ಡಬ್ಬಿಗೆ ಹೋಗುತ್ತಿತ್ತು, ಸಂತೆಯ ದಿನ ಯಾರ ಕೈಗೆ ಕೊಡುತ್ತಿದ್ದರು? ಭಾನುವಾರದ ಕಾಣಿಕೆ ತೆಗೆದಿಡುತ್ತಿದ್ದದ್ದು ಎಲ್ಲಿ? ಯಾವುದಕ್ಕೆ ಬೈಯುತ್ತಿದ್ದರು? ಈ ಕೊನೆಯ ಪ್ರಶ್ನೆಗೆ ಮಕ್ಕಳೆಲ್ಲ ಒಟ್ಟಿಗೆ ಬಾಯಿ ಬಿಡುತ್ತಾರೆ.

‘ರುಚಿಯಾಗಿ ಅಡುಗೆ ಮಾಡುತ್ತಿದ್ದರು’ ಅನ್ನುವುದನ್ನು ಹೊಡೆದುಹಾಕಿ. ಕರಾವಳಿಯಿಂದ ಬಂದ ಹುಡುಗಿ ಕಣಿಲೆ (ಬಿದಿರಿನ ಮೊಳಕೆ) ಮಾಡಲು ಯಾರಿಂದ ಕಲಿತಳು ಅನ್ನುವುದನ್ನು ಬರೆಯಿರಿ. ಮಳೆಗಾಲದ ಎಳೆ ಕಣಿಲೆಯ ಸಿಪ್ಪೆ ಸುಲಿದು, ಸಣ್ಣಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಬೇಕು. ನೀರು ಬದಲಿಸದಿದ್ದರೆ ಕಹಿಯೂ ಹೋಗದು, ಅದರ ವಿಷದ ಅಂಶವೂ ಹೋಗದು. ಮೇ ತಿಂಗಳಲ್ಲಿ ಸೌದೆ ಒಟ್ಟಿದ್ದು, ಜುಲೈನಲ್ಲಿ ಮಕ್ಕಳ ಯೂನಿಫಾರ್ಮ್ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ್ದು, ಪಲ್ಯಕ್ಕೆ ಕೊಡಗಿನ ಕಪ್ಪು ಹುಳಿರಸ ಕಚಂಪುಳಿ ಬಿಟ್ಟರೂ ಮೀನು ಸಾರಿಗೆ ಮಾತ್ರ ತವರಿನ ಹುಣಸೆಯೇ ಆಗಬೇಕೆಂದು ಹಠ ಹಿಡಿದದ್ದು: ನಿಮ್ಮ ಮನೆಯಲ್ಲಿ ಇಂಥದ್ದು ಏನು ನಡೆದಿತ್ತೋ ಅದರಲ್ಲಿ ಎರಡೇ ಎರಡನ್ನು ಆರಿಸಿ ಪೂರ್ತಿ ಬರೆಯಿರಿ. ಹತ್ತನ್ನು ಪಟ್ಟಿ ಮಾಡಿದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ.

ಭಕ್ತಿಯನ್ನೂ ಹೀಗೇ ಕೈಗೆ ಸಿಗುವಂತೆ ಹೇಳಿ. ಲೂಥರ್ 1529ರ ‘ಚಿಕ್ಕ ಪ್ರಶ್ನೋತ್ತರ’ ಎಂಬ ಧರ್ಮಬೋಧೆಯ ಪುಟ್ಟ ಪುಸ್ತಕವನ್ನು ಮನೆಯಲ್ಲಿ ಕಲಿಸಲೆಂದೇ ಬರೆದರು. ಬೆಳಗಿನ ಪ್ರಾರ್ಥನೆ, ರಾತ್ರಿಯ ಪ್ರಾರ್ಥನೆ, ಊಟಕ್ಕೆ ಮುಂಚೆ 145ನೇ ಕೀರ್ತನೆಯ ಸಾಲುಗಳು ಅದರಲ್ಲೇ ಇವೆ. ಅಮ್ಮ ಅದನ್ನು ತಮಿಳಿನಲ್ಲಿ ಹೇಳಿಕೊಟ್ಟರೋ ಕನ್ನಡದಲ್ಲೋ? ಅಡುಗೆಮನೆಯಲ್ಲಿ ತಂಜಾವೂರಿನ ತಮಿಳು ಕ್ರೈಸ್ತ ಕವಿ ವೇದನಾಯಕಂ ಶಾಸ್ತ್ರಿಗಳ (1774–1864) ಕೀರ್ತನೆ ಗುನುಗುತ್ತಿದ್ದರೆ ಅದರ ಮೊದಲ ಸಾಲನ್ನು ಕನ್ನಡ ಲಿಪಿಯಲ್ಲಿ ಹಾಕಿ, ಓದುವವರು ಅದನ್ನು ಹಾಡಿಯೇ ಬಿಡಲಿ. ಒಂದು ಎಚ್ಚರ: ‘ಇಷ್ಟೆಲ್ಲ ಒಳ್ಳೆಯದು ಮಾಡಿದ್ದರಿಂದ ಸ್ವರ್ಗ ಸೇರಿದರು’ ಅಂತ ಬರೆಯಬೇಡಿ. ರಕ್ಷಣೆ ಕೃಪೆಯಿಂದಲೇ, ಸತ್ಕ್ರಿಯೆಯಿಂದಲ್ಲ ಅನ್ನುವುದು ಲೂಥರನ್ ನಂಬಿಕೆಯ ಅಡಿಪಾಯ. ಕೇಳಿದರೆ ಅಮ್ಮನೇ ತಿದ್ದುತ್ತಿದ್ದರೇನೋ.

ಹೆಸರುಗಳ ಪಟ್ಟಿ ಚಿಕ್ಕದಿರಲಿ. ಮಕ್ಕಳನ್ನು ವಯಸ್ಸಿನ ಕ್ರಮದಲ್ಲಿ ಹೇಳಿ. ಸೊಸೆ ಅಳಿಯಂದಿರನ್ನು ಸೇರಿಸಿ, ಮೊಮ್ಮಕ್ಕಳ ಸಂಖ್ಯೆ ಸಾಕು. ಎಳವೆಯಲ್ಲೇ ತೀರಿಹೋದ ಮಗು ಇದ್ದರೆ ಬಿಡಬೇಡಿ, ಆದರೆ ಮನೆಯ ಹಿರಿಯರನ್ನು ಕೇಳಿ ಸೇರಿಸಿ. ಕೊನೆಯ ಕಾಯಿಲೆಗೆ ಎರಡು ವಾಕ್ಯ ಸಾಕು. ಆಸ್ಪತ್ರೆಯ ವಿವರ ಯಾರಿಗೂ ಬೇಡ.

ನಿಧಾನವಾಗಿ ಓದಿದರೆ ನಿಮಿಷಕ್ಕೆ 80–90 ಪದ, ಅಂದರೆ ಒಟ್ಟು 400 ಪದ ಮೀರಬಾರದು. 16ರ ಅಕ್ಷರ, ಸಾಲುಗಳ ನಡುವೆ ಧಾರಾಳ ಜಾಗ, ಹಾಳೆಯ ಒಂದೇ ಬದಿ. ಪ್ರಿಂಟ್ ಅಂಗಡಿಗೆ ಪಿಡಿಎಫ್ ಮಾಡಿಯೇ ಒಯ್ಯಿರಿ. ಯೂನಿಕೋಡ್ ಫೈಲನ್ನು ಅಂಗಡಿಯ ‘ನುಡಿ’ ತಂತ್ರಾಂಶಕ್ಕೆ ಹಾಕುವಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಓದಲು ಮಗಳು ಮಗನಿಗಿಂತ ಸೊಸೆಯೋ ಮೊಮ್ಮಗನೋ ವಾಸಿ, ಗಂಟಲು ಕಟ್ಟದೆ ಮುಗಿಸುತ್ತಾರೆ. ತವರಿನ ಕಡೆಯವರಿಗೆ ಕನ್ನಡ ಓದಲು ಬಾರದಿದ್ದರೆ, ಅದನ್ನೇ ತಮಿಳಿನಲ್ಲಿ ಹೇಳಿ ರೆಕಾರ್ಡ್ ಮಾಡಿ ಮೊದಲೇ ಕಳಿಸಿಬಿಡಿ. ಊರು, ಹೆಸರು ತಪ್ಪಿದ್ದರೆ ಆರಾಧನೆಗೆ ಮುಂಚೆಯೇ ಫೋನ್ ಬರುತ್ತದೆ.