ಪಿಇ 6 ಅಂದ್ರೆ ಅಗ್ಗ ಅಲ್ವಾ, ಮೇಡಂ?

ಪಿಇ ಅಂದರೆ ಷೇರಿನ ಬೆಲೆ ಒಂದು ಷೇರಿನ ವರ್ಷದ ಲಾಭದ ಎಷ್ಟು ಪಟ್ಟು ಎಂಬ ಅಂಕಿ. ಅದು ಕಡಿಮೆ ಇದೆ, ಷೇರು ಅಗ್ಗ ಎಂದುಕೊಂಡು ಕೊಂಡವರು ನನ್ನ ಬಳಿ ಬಂದ ಈ ವರ್ಷದ ನಾಲ್ಕನೇ ಪ್ರಕರಣ ಇದು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಲೆಕ್ಕವನ್ನೂ ಸರಳ ಮಾಡಿದ್ದೇನೆ.

ಜಯನಗರದ ನನ್ನ ಕೋಣೆಗೆ ಬಂದವರಿಗೆ ಐವತ್ತರ ಆಸುಪಾಸು. ಮಗಳ ಕಾಲೇಜು ಫೀಸಿಗೆಂದು ಕೂಡಿಟ್ಟ ಹಣವನ್ನು ಒಂದು ಉಕ್ಕಿನ ಕಂಪನಿಯ ಷೇರಿಗೆ ಹಾಕಿದ್ದರು. ಹೆಂಡತಿಗೆ ಹೇಳಿರಲಿಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

"ಪಿಇ ಬರೀ 6 ಇತ್ತು, ಅಗ್ಗ ಅಂತ ತಗೊಂಡೆ. ಈಗ ಬೆಲೆ ಇಳಿದಿದೆ, ಪಿಇ ಮಾತ್ರ 18 ಆಗಿದೆ. ಇದು ಹೇಗೆ ಮೇಡಂ?"

ಮೊದಲು ಮನೆಯಲ್ಲಿ ಹೇಳಿ ಎಂದೆ. ಮುಂದಿನ ವಾರ ಇಬ್ಬರೂ ಬಂದರು.

ಹಾಳೆಯ ಮೇಲೆ ಬರೆದು ತೋರಿಸಿದೆ. ಕೊಂಡಾಗ ಬೆಲೆ 120, ಒಂದು ಷೇರಿಗೆ ವರ್ಷದ ಲಾಭ 20 ರೂಪಾಯಿ. ಭಾಗಿಸಿದರೆ 6. ಉಕ್ಕಿನ ದರ ಬಿತ್ತು, ಲಾಭ 5ಕ್ಕೆ ಇಳಿಯಿತು. ಬೆಲೆ 90. ಭಾಗಿಸಿದರೆ 18. ಬೆಲೆಗಿಂತ ಲಾಭ ಜೋರಾಗಿ ಕುಸಿದಿತ್ತು, ಅಷ್ಟೇ.

ಅವರು ಸುಮ್ಮನೆ ನೋಡುತ್ತಿದ್ದರು. ಆಗ ಹೆಂಡತಿ ಮಾತಾಡಿದರು. ಅವರ ತವರು ತೀರ್ಥಹಳ್ಳಿ ಕಡೆ.

"ಅಡಿಕೆ ರೇಟ್ ಏರಿದ ವರ್ಷದ ಆದಾಯ ನೋಡಿ ಯಾರಾದ್ರೂ ತೋಟಕ್ಕೆ ಬೆಲೆ ಕಟ್ತಾರೇನ್ರೀ? ಕೊಳೆ ರೋಗ ಬಂದ ವರ್ಷ ಎಷ್ಟು ಸಿಕ್ಕಿತ್ತು ಅಂತ ನಮ್ಮಪ್ಪ ಮೊದಲು ಕೇಳ್ತಿದ್ರು."

ಗಂಡನ ಮುಖ ಬದಲಾಯಿತು. ನಾನು ಅರ್ಧ ಗಂಟೆ ಹೇಳಿದ್ದಕ್ಕಿಂತ ಈ ಮಾತು ಚೆನ್ನಾಗಿ ನಾಟಿತ್ತು. ಮೂವರೂ ಕೂತು ಕಂಪನಿಯ ಹತ್ತು ವರ್ಷದ ವಾರ್ಷಿಕ ವರದಿ ತೆಗೆದೆವು. ಎರಡು ವರ್ಷ ನಷ್ಟ. ಲಾಭವೇ ಇಲ್ಲದ ಆ ವರ್ಷಗಳಿಗೆ ಅವರ ಆ್ಯಪ್ ಪಿಇ ಜಾಗವನ್ನು ಖಾಲಿ ಬಿಟ್ಟಿತ್ತು, ಅವರು ಗಮನಿಸಿರಲಿಲ್ಲ. ನಷ್ಟವನ್ನೂ ಸೇರಿಸಿ ಸರಾಸರಿ ತೆಗೆದರೆ ಷೇರಿಗೆ 6 ರೂಪಾಯಿ ಲಾಭ. ಅಂದರೆ 120ಕ್ಕೆ ಕೊಂಡಾಗ ಅವರು ಕೊಟ್ಟದ್ದು ಮಾಮೂಲಿ ಲಾಭದ 20 ಪಟ್ಟು. ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್ ಹಣದುಬ್ಬರ ಕಳೆದು ಹತ್ತು ವರ್ಷದ ಸರಾಸರಿ ಲಾಭ ಹಿಡಿಯುವುದೂ ಒಂದು ವರ್ಷದ ಏರಿಳಿತಕ್ಕೆ ಮೋಸಹೋಗಬಾರದೆಂದೇ.

ಲೆಕ್ಕದ ರೀತಿ ಬದಲಾದರೂ ಪಿಇ ಬದಲಾಗುತ್ತದೆ. 2021ರ ಮಾರ್ಚ್ ಕೊನೆಯಲ್ಲಿ ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿಯ ಪಿಇ ಸುಮಾರು 40ರಿಂದ 33ಕ್ಕೆ ಇಳಿಯಿತು. ಮಾರುಕಟ್ಟೆ ಕುಸಿದಿರಲಿಲ್ಲ. ಅಂಗಸಂಸ್ಥೆಗಳ ಲಾಭವನ್ನೂ ಸೇರಿಸಿ ಲೆಕ್ಕ ಹಾಕಲು ಶುರು ಮಾಡಿದ್ದರು.

"ಮಾರಿಬಿಡಿ ಅಂತ ಯಾಕೆ ಹೇಳಲಿಲ್ಲ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಯಾವ ಷೇರು ಕೊಳ್ಳಬೇಕು, ಯಾವುದು ಮಾರಬೇಕು ಎನ್ನುವುದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರ ಕೆಲಸ. ಅದಕ್ಕಿಂತ ಮುಖ್ಯವಾಗಿ, ಒಂದು ಅಂಕಿ ನಂಬಿ ಕೊಂಡವರು ನನ್ನ ಒಂದು ಮಾತು ನಂಬಿ ಮಾರಿದರೆ ಅವರು ಕಲಿತದ್ದೇನು? ನಾನು ಹೇಳಿದ್ದು ಎರಡೇ. ಮುಂದಿನ ವರ್ಷ ಕಟ್ಟಬೇಕಾದ ಫೀಸು, ಪಿಇ ಎಷ್ಟೇ ಇರಲಿ, ಷೇರಿನಲ್ಲಿ ಇರಬಾರದು. ಉಳಿದ ಹಣದ ವಿಚಾರಕ್ಕೆ ಒಂದು ನೋಟ್‌ಬುಕ್ ಇಡಿ, ಬೆಲೆ ಮತ್ತು ಲಾಭವನ್ನು ಬೇರೆ ಬೇರೆ ಕಾಲಮ್ಮಿನಲ್ಲಿ ಹತ್ತು ವರ್ಷಕ್ಕೆ ಬರೆಯಿರಿ. ಕಂಪನಿ ತನ್ನ ಜಾಗ ಮಾರಿ ಬಂದಂಥ ಒಂದೇ ಸಲದ ಲಾಭ ಇದ್ದರೆ ಅದನ್ನು ಕಳೆಯಿರಿ.

ಫೀಸಿಗೆ ಬೇಕಾದಷ್ಟು ಷೇರನ್ನು ಅವರು ನಷ್ಟದಲ್ಲೇ ಮಾರಿದರು. ಮಿಕ್ಕಿದ್ದು ಇನ್ನೂ ಇದೆ. ನೋಟ್‌ಬುಕ್ ಈಗ ಹೆಂಡತಿ ಬರೆಯುತ್ತಿದ್ದಾರೆ.