ಬಯಾಪ್ಸಿ ರಿಪೋರ್ಟಿನಲ್ಲಿ ‘ವಿಮೆಂಟಿನ್ ಪಾಸಿಟಿವ್’ ಅಂತ ಇದ್ದರೆ ಭಯಪಡಬೇಕಾ?

ಪ್ರಶ್ನೆ: ಅಮ್ಮನಿಗೆ 61 ವರ್ಷ. ಮುಟ್ಟು ನಿಂತು ಎಷ್ಟೋ ವರ್ಷಗಳ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಬಯಾಪ್ಸಿ ಮಾಡಿಸಿದಾಗ ಗರ್ಭಕೋಶದ ಕ್ಯಾನ್ಸರ್ ಅಂದರು. ರಿಪೋರ್ಟಿನಲ್ಲಿ ‘ವಿಮೆಂಟಿನ್ ಪಾಸಿಟಿವ್, ಇಆರ್ ಪಾಸಿಟಿವ್’ ಎಂದಿದೆ. ವಿಮೆಂಟಿನ್ ಇದ್ದರೆ ಕ್ಯಾನ್ಸರ್ ಬೇಗ ಹರಡುತ್ತದೆ, ಅಶ್ವಗಂಧ ಅದನ್ನು ತಡೆಯುತ್ತದೆ ಎಂದು ನೆಟ್‌ನಲ್ಲಿ ಓದಿದೆ. ಕೊಡಬಹುದಾ?
– ಓದುಗರು, ಹಾಸನ

ಉತ್ತರ: ಆ ಒಂದು ಸಾಲು ನೋಡಿ ಅಮ್ಮನ ಕಾಯಿಲೆ ಹರಡಿಬಿಟ್ಟಿದೆ ಅಂದುಕೊಳ್ಳಬೇಡಿ.

ಜೀವಕೋಶದ ಒಳಗೆ ಅದರ ಆಕಾರ ಹಿಡಿದಿಡುವ ಎಳೆಗಳ ಹಂದರ ಇರುತ್ತದೆ. ವಿಮೆಂಟಿನ್ ಅಂಥ ಒಂದು ಎಳೆಯ ಪ್ರೋಟೀನು. ಎಳೆಯ ದಪ್ಪ ಸುಮಾರು 10 ನ್ಯಾನೊಮೀಟರ್ ಅಷ್ಟೇ. ಬುಟ್ಟಿ ಹೆಣೆಯುವ ಬಳುಕುವ ಕಡ್ಡಿಗೆ ಲ್ಯಾಟಿನ್ನಿನಲ್ಲಿರುವ ಪದದಿಂದ ಈ ಹೆಸರು ಬಂದಿದೆ. ಹೆಸರಿಗೆ ತಕ್ಕಂತೆ ಇದು ಎಳೆದರೆ ಹಿಗ್ಗುತ್ತದೆ, ಸುಲಭಕ್ಕೆ ತುಂಡಾಗುವುದಿಲ್ಲ. ರಕ್ತನಾಳದ ಗೋಡೆಯಲ್ಲಿ, ಬಿಳಿ ರಕ್ತಕಣಗಳಲ್ಲಿ, ಗಾಯ ಮುಚ್ಚುವ ಕೋಶಗಳಲ್ಲಿ ಸಹಜವಾಗಿಯೇ ಇರುತ್ತದೆ. ಇದಿಲ್ಲದ ಇಲಿಗಳನ್ನು ವಿಜ್ಞಾನಿಗಳು 1994ರಲ್ಲಿ ಬೆಳೆಸಿದರು. ಅವು ಬದುಕಿದವು. ಆದರೆ ಗಾಯ ಮಾಯಲು ಜಾಸ್ತಿ ದಿನ ಬೇಕಾಯಿತು.

ಗಾಯದ ಕಡೆ ಕೋಶಗಳು ಸರಿಯಬೇಕಲ್ವಾ? ಆ ಕೆಲಸಕ್ಕೆ ಇದು ಬೇಕು. ಕ್ಯಾನ್ಸರ್ ಇದೇ ಶಕ್ತಿಯನ್ನು ಬಳಸಿಕೊಳ್ಳುತ್ತದೆ. ಅಕ್ಕಪಕ್ಕದ ಕೋಶಗಳನ್ನು ಅಂಟಿಸಿಡುವ ಇ-ಕ್ಯಾಡ್‌ಹೆರಿನ್ ಕಡಿಮೆಯಾಗಿ ವಿಮೆಂಟಿನ್ ಹೆಚ್ಚಾದಾಗ, ಕೋಶ ಗುಂಪು ಬಿಟ್ಟು ಹೊರಡಬಲ್ಲದು. ಇಕ್ಕಟ್ಟಿನ ಸಂದಿಯಲ್ಲಿ ನುಸುಳುವಾಗ ಅದರ ನ್ಯೂಕ್ಲಿಯಸ್ಸು ಒಡೆಯದಂತೆ ಈ ಎಳೆಗಳು ಕಾಯುತ್ತವೆ. ನೀವು ಓದಿದ್ದು ಈ ವಿಷಯ. ಅದು ಸುಳ್ಳಲ್ಲ.

ಆದರೆ ಅಮ್ಮನ ರಿಪೋರ್ಟಿನಲ್ಲಿ ಅದರ ಅರ್ಥ ಬೇರೆ. ಗರ್ಭಕೋಶದ ಒಳಪದರದ ಕೋಶಗಳು ಆರೋಗ್ಯವಾಗಿದ್ದಾಗಲೂ ವಿಮೆಂಟಿನ್ ತಯಾರಿಸುತ್ತವೆ. ಗರ್ಭಕಂಠದ ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರಿನಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಎರಡಕ್ಕೂ ಚಿಕಿತ್ಸೆ ಬೇರೆ. ಹಾಗಾಗಿ ಗಡ್ಡೆ ಎಲ್ಲಿ ಶುರುವಾಯಿತು ಎಂದು ತಿಳಿಯಲು ಈ ಪರೀಕ್ಷೆ ಮಾಡುತ್ತಾರೆ. ಬಣ್ಣ ಹಾಕಿದ ಸ್ಲೈಡಿನಲ್ಲಿ ನಾವು ಮೊದಲು ನೋಡುವುದು ರಕ್ತನಾಳದ ಗೋಡೆಯನ್ನು. ಅದು ಕಂದು ಬಣ್ಣಕ್ಕೆ ತಿರುಗಿದ್ದರೆ ಪರೀಕ್ಷೆ ಸರಿಯಾಗಿದೆ ಎಂದರ್ಥ. ಆಮೇಲೇ ಗಡ್ಡೆಯ ಕಡೆ ಕಣ್ಣು. ವಿಮೆಂಟಿನ್, ಇಆರ್ (ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನು) ಎರಡೂ ಪಾಸಿಟಿವ್ ಅಂದರೆ ಗಡ್ಡೆ ಗರ್ಭಕೋಶದ ಒಳಪದರದಲ್ಲೇ ಹುಟ್ಟಿರುವ ಸಾಧ್ಯತೆ ಹೆಚ್ಚು. ಅದು ಹರಡಿದೆಯೋ ಇಲ್ಲವೋ ಎಂಬುದನ್ನು ಈ ಬಣ್ಣ ಹೇಳುವುದಿಲ್ಲ.

ಅಶ್ವಗಂಧದಲ್ಲಿರುವ ವಿಥಾಫೆರಿನ್-ಎ ಎಂಬ ಅಂಶ ವಿಮೆಂಟಿನ್‌ಗೆ ಅಂಟಿಕೊಳ್ಳುತ್ತದೆ ಎಂದು 2007ರಲ್ಲಿ ಪ್ರಕಟವಾಗಿದ್ದು ನಿಜ. ಅದು ಪ್ರಯೋಗಾಲಯದ ಮಾತು. ಶುದ್ಧ ಮಾಡಿದ ಆ ಅಂಶವೇ ಬೇರೆ, ಹಾಲಿಗೆ ಹಾಕಿ ಕುಡಿಯುವ ಪುಡಿಯೇ ಬೇರೆ. ಅಶ್ವಗಂಧದ ಮಾತ್ರೆಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಮುಂದೆ ಕೀಮೋ ಕೊಡಬೇಕಾಗಿ ಬಂದರೆ ಅಮ್ಮನ ಲಿವರ್ ಚೆನ್ನಾಗಿರಬೇಕು. ದಯವಿಟ್ಟು ಸುಮ್ನೆ ಕೊಡಬೇಡಿ. ಈಗಾಗಲೇ ಕೊಡುತ್ತಿದ್ದರೆ ಆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಡಾಕ್ಟರ ಹತ್ತಿರ ಮೂರು ವಿಷಯ ಕೇಳಿ: ಗ್ರೇಡ್ (ಗಡ್ಡೆಯ ಕೋಶಗಳು ಸಹಜ ಕೋಶಗಳಿಗಿಂತ ಎಷ್ಟು ಬದಲಾಗಿವೆ ಎಂಬ ಅಳತೆ) ಎಷ್ಟು, ಗಡ್ಡೆ ಗರ್ಭಕೋಶದ ಸ್ನಾಯುವಿಗೆ ಎಷ್ಟು ಆಳ ಇಳಿದಿದೆ, ಲಿಂಫ್ ಗಂಟುಗಳು ಹೇಗಿವೆ.