ತಲಾಟಿ ಕೆಲಸದಲ್ಲಿ ಲೀಡರ್‌ಗಳ ಕಾಟ ಎಷ್ಟಿರುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ಪಿಯುಸಿ ಮುಗಿದಿದೆ, ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಗೆ ಓದುತ್ತಿದ್ದೀರಿ. ಹಳ್ಳಿಯಲ್ಲಿ ಲೀಡರ್‌ಗಳ ಕಾಟ ಜಾಸ್ತಿ, ನಿಯತ್ತಿನವರಿಗೆ ಆ ಕೆಲಸ ಅಲ್ಲ ಅಂತ ಮಾವ ಹೇಳುತ್ತಾರೆ. ನಿಜಾನಾ?

ಅರ್ಧ ನಿಜ. ಲೀಡರ್‌ಗಳು ಇರುತ್ತಾರೆ, ಫೋನ್ ಬರುತ್ತದೆ. ಆದರೆ ಆ ಫೋನ್ ಯಾಕೆ ಬರುತ್ತದೆ ಅನ್ನೋದು ಹೊರಗಿನವರಿಗೆ ಗೊತ್ತಿರುವುದಿಲ್ಲ. ನಾನು ಗದಗ ಜಿಲ್ಲೆಯಲ್ಲಿ, ಮಲಪ್ರಭೆ ದಂಡೆಯ ಕಡೆ ಇದೇ ಕೆಲಸ ಮಾಡುವವಳು. ಹುದ್ದೆಯ ಹೆಸರು ಬದಲಾಗಿದೆ, ಊರವರಿಗೆ ಮಾತ್ರ ಇನ್ನೂ ತಲಾಟಿ ಮೇಡಂ.

ಯಾರೂ ಬಂದು ಟೇಬಲ್ ಕುಟ್ಟಿ "ಈ ಗಾಯರಾಣ (ದನ ಮೇಯಿಸುವ ಸರ್ಕಾರಿ ಜಾಗ) ನನ್ನ ಹೆಸರಿಗೆ ಹಚ್ಚು" ಅನ್ನುವುದಿಲ್ಲ. ಹಚ್ಚೋಕೆ ನಮಗೆ ಅಷ್ಟು ಅಧಿಕಾರವೂ ಇಲ್ಲ. ನಾವು ಜಾಗಕ್ಕೆ ಹೋಗಿ ನೋಡಿ ವರದಿ ಬರೆಯುತ್ತೇವೆ. ಕಂದಾಯ ನಿರೀಕ್ಷಕರು ಅದನ್ನು ನೋಡುತ್ತಾರೆ. ಪ್ರಮಾಣಪತ್ರಕ್ಕೆ ಸಹಿ ಮಾಡುವವರು ಉಪ ತಹಶೀಲ್ದಾರರು, ಇಲ್ಲವೇ ತಹಶೀಲ್ದಾರರು. ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: "ಮೇಡಂ, ನಮ್ಮ ಹುಡುಗ ಒಬ್ಬಾಂವ ಇನ್‌ಕಮ್ ಸರ್ಟಿಫಿಕೇಟಿಗೆ ಹಾಕ್ಯಾನ್ರಿ. ಕಾಲೇಜಿನ ಅಡ್ಮಿಷನ್ ಐತಿ, ಸ್ವಲ್ಪ ಲಗೂನ ನೋಡ್ರಿ." ಇದರಲ್ಲಿ ತಪ್ಪೇನಿದೆ? ಹುಡುಗನಿಗೆ ಅದು ಸಿಗಲೇಬೇಕು. ಪಂಚಾಯಿತಿ ಮೆಂಬರ್ರು ಫೋನ್ ಮಾಡದಿದ್ದರೂ ಸಿಗುತ್ತಿತ್ತು. ಆದರೆ ಕೈಗೆ ಬಂದ ದಿನ ಹುಡುಗನ ಅಪ್ಪ ಊರ ತುಂಬ ಹೇಳಿಕೊಂಡು ಬರುತ್ತಾನೆ, "ಮೆಂಬರ್ರು ಒಂದ್ ಮಾತ್ ಹೇಳಿದ್ರು ನೋಡ್ರಿ, ಕೆಲಸ ಆತು."

ನನ್ನ ಪ್ರಕಾರ ಹಳ್ಳಿ ರಾಜಕೀಯದ ಬಂಡವಾಳ ಇಷ್ಟೇ, ನಮ್ಮ ಕಚೇರಿಯಲ್ಲಿ ಆಗುವ ತಡ. ಅರ್ಜಿ ಸಮಯಕ್ಕೆ ಸರಿಯಾಗಿ ಮುಗಿದರೆ ಆ ಮೆಂಬರ್‌ಗೆ ಹೇಳಿಕೊಳ್ಳೋಕೆ ಏನೂ ಉಳಿಯುವುದಿಲ್ಲ. ನಾವು ತಡ ಮಾಡಿದಷ್ಟೂ ಅವರ ಅಂಗಡಿಗೆ ಗಿರಾಕಿ.

ಇದಕ್ಕೆ ಕಾನೂನಿನಲ್ಲಿ ಮದ್ದು ಇಲ್ಲ ಅಂತಲ್ಲ. ನಾಗರಿಕರಿಗೆ ಸೇವೆಗಳ ಖಾತರಿ ಕೊಡುವ 2011ರ ಕಾಯ್ದೆ ಇದೆ, ಅದರಡಿ 2012ರ ಏಪ್ರಿಲ್‌ನಿಂದ ಸಕಾಲ ನಡೆಯುತ್ತಿದೆ. ಅರ್ಜಿ ಕೊಟ್ಟರೆ ಒಂದು ನಂಬರ್ ಕೊಡುತ್ತಾರೆ, ಇಷ್ಟು ದಿನದೊಳಗೆ ಕೆಲಸ ಆಗಬೇಕು. ಆಗದಿದ್ದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಅದು ತಡ ಮಾಡಿದವರ ಸಂಬಳದಿಂದಲೇ ಹೋಗುತ್ತದೆ. ಕೇಳಿದವರನ್ನು ಮಾತ್ರ ನಾನು ನೋಡಿಲ್ಲ. 20 ರೂಪಾಯಿಗೋಸ್ಕರ ತಲಾಟಿ ಜೊತೆ ಯಾರು ಕೆಡಿಸಿಕೊಳ್ಳುತ್ತಾರೆ? ನಾಳೆ ಪಂಚನಾಮೆಗೋ ವಾರಸಾಕ್ಕೋ (ವಾರಸುದಾರರ ಹೆಸರು ಹಚ್ಚೋಕೆ) ಮತ್ತೆ ಅವಳ ಹತ್ತಿರವೇ ಬರಬೇಕಲ್ವಾ.

ತಡ ಯಾಕಾಗುತ್ತದೆ ಅಂತಲೂ ಹೇಳಬೇಕು. ಎಲ್ಲರೂ ಬೇಕಂತಲೇ ಕೂಡಿಸುವುದಿಲ್ಲ. ಬೆಳೆ ಸಮೀಕ್ಷೆ, ಉತಾರಕ್ಕೆ (ಪಹಣಿಗೆ) ಆಧಾರ್ ಜೋಡಣೆ, ಸರ್ಕಾರಿ ಜಮೀನು ಒತ್ತುವರಿ ಆಗಿದೆಯಾ ಅಂತ ಸ್ಥಳದಲ್ಲೇ ನಿಂತು ಫೋನಿನಲ್ಲಿ ದಾಖಲಿಸುವ ಲ್ಯಾಂಡ್ ಬೀಟ್, ಚುನಾವಣೆ ಬಂದರೆ ಅದರ ಡ್ಯೂಟಿ. ಎಲ್ಲಕ್ಕೂ ಬೇರೆ ಬೇರೆ ಆ್ಯಪ್, ಎಲ್ಲಕ್ಕೂ ನಮ್ಮದೇ ಫೋನು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತಿದ್ದು ಇದಕ್ಕೇ. ಮೇಲಿಂದ ಪಕ್ಕದ ವೃತ್ತದ ಪ್ರಭಾರ ಬೇರೆ. ಇಷ್ಟರ ನಡುವೆ ಯಾವ ಅರ್ಜಿ ಮೊದಲು ತೆಗೆಯೋದು ಅನ್ನುವ ಪ್ರಶ್ನೆ ದಿನಾ ಬರುತ್ತದೆ. ಒತ್ತಡ ಬರೋದು ಅಲ್ಲೇ.

ಇನ್ನು ನಿಜವಾಗಿ ಕಷ್ಟ ಕೊಡುವ ಒತ್ತಡದ ಬಗ್ಗೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟು ಮಲಪ್ರಭೆ ಊರೊಳಗೆ ಬಂತು, ಬೆಣ್ಣಿಹಳ್ಳವೂ ಉಕ್ಕಿತು. ನೀರು ಇಳಿದ ಮೇಲೆ ಬಿದ್ದ ಮನೆಗಳ ಸಮೀಕ್ಷೆ. ಎಂಜಿನಿಯರ್, ಪಿಡಿಒ, ನಾವು ಸೇರಿ ಮನೆ ಮನೆಗೆ ಹೋಗಿ ಹಾನಿ ಬರೆಯಬೇಕು. ಮುಕ್ಕಾಲಕ್ಕಿಂತ ಜಾಸ್ತಿ ಹಾನಿ ಆಗಿದ್ದರೆ ಎ, ಕಾಲು ಭಾಗದಿಂದ ಮುಕ್ಕಾಲಿನವರೆಗೆ ಬಿ, ಶೇಕಡಾ 15ರಿಂದ 25ರವರೆಗೆ ಇದ್ದರೆ ಸಿ. ಆ ವರ್ಷ ಎ ಬರೆದರೆ 5 ಲಕ್ಷ, ಸಿ ಬರೆದರೆ 50 ಸಾವಿರ ಪರಿಹಾರ ಇತ್ತು. ಒಂದು ಅಕ್ಷರದ ಮೇಲೆ ನಾಲ್ಕೂವರೆ ಲಕ್ಷ ನಿಂತಿದೆ ಅಂದರೆ ಊರು ಸುಮ್ನೆ ಇರುತ್ತದಾ?

ನಮ್ಮ ಕಡೆಯ ಹಳೇ ಮನೆಗಳು ಮಣ್ಣಿನ ಗೋಡೆ, ಮೇಲೆ ಮಣ್ಣು ಹಾಕಿದ ಮೇಲ್ಮುದ್ದೆಯವು. ಇವು ನೀರಲ್ಲಿದ್ದಾಗ ಬೀಳುವುದಕ್ಕಿಂತ ನೀರು ಇಳಿದು ಬಿಸಿಲು ಬಿದ್ದ ಮೇಲೆ ಬೀಳುವುದೇ ಜಾಸ್ತಿ. ಸೋಮವಾರ ನಾವು ಹೋದಾಗ ಗೋಡೆ ನಿಂತಿರುತ್ತದೆ, ಬುಡದಲ್ಲಿ ಮೊಣಕಾಲೆತ್ತರಕ್ಕೆ ಮಣ್ಣು ಕರಗಿ ಒಳಗಿನ ಕಲ್ಲು ಕಾಣುತ್ತಿರುತ್ತದೆ. ಬಿ ಅಂತ ಬರೆದುಕೊಂಡು ಬರುತ್ತೇವೆ. ಗುರುವಾರ ಜಂತಿ ಸಮೇತ ಒಳಕ್ಕೆ ಕುಸಿಯುತ್ತದೆ. ಆ ಮನೆಯವರು ಫೋಟೋ ಹಿಡಿದುಕೊಂಡು ಬಂದಾಗ ಅವರ ಜೊತೆ ಒಬ್ಬ ಲೀಡರ್ ಇದ್ದರೆ ಅದನ್ನು ಒತ್ತಡ ಅನ್ನಬೇಕಾ? ನಾನು ಅನ್ನುವುದಿಲ್ಲ. ಅಂಥ ಮನೆಗೆ ಮತ್ತೆ ಹೋಗಿ ನೋಡಬೇಕು. ಆದರೆ ಅದೇ ಲೀಡರ್ ಗಟ್ಟಿಮುಟ್ಟಾದ ಸಿಮೆಂಟ್ ಮನೆ ತೋರಿಸಿ, "ಇದೂ ಹಂಗ ಮಾಡ್ರಿ ಮೇಡಂ, ನಮ್ಮ ಮಂದಿ ಅದಾರ" ಅಂದಾಗ ಮುಖ ನೋಡಿ ಇಲ್ಲ ಅನ್ನೋಕೆ ಬರಬೇಕು.

ಇಲ್ಲಿ ನನಗೆ ಉಪಯೋಗಕ್ಕೆ ಬಂದಿದ್ದು ಒಂದೇ ಉಪಾಯ. ಪಟ್ಟಿ ಮೇಲಕ್ಕೆ ಕಳಿಸುವ ಮೊದಲು ಚಾವಡಿ ಕಟ್ಟೆ ಮೇಲೆ ನಿಂತು ಗಟ್ಟಿಯಾಗಿ ಓದಿಸಿದೆ. ವಾಲಿಕಾರ (ನಮ್ಮ ಗ್ರಾಮ ಸಹಾಯಕ) ಓದುತ್ತಿದ್ದ, ಹೆಸರು, ಅಕ್ಷರ, ಹೆಸರು, ಅಕ್ಷರ. ಒಂದು ಹೆಸರಿಗೆ ಎ ಅಂದ ತಕ್ಷಣ ಹಿಂದಿನಿಂದ ಒಬ್ಬ ಅಜ್ಜಿ, "ಆಂವನ ಮನಿ ಎಲ್ಲಿ ಬಿದ್ದೈತೋ? ದನದ ಕೊಟ್ಟಿಗಿ ಬಿದ್ದೈತಿ!" ಅಂದಳು. ಎಲ್ಲರೂ ನಕ್ಕರು. ಮತ್ತೆ ಹೋಗಿ ನೋಡಿ ತಿದ್ದಿದೆವು. ಆ ಲೀಡರ್ ಕೂಡ ನಗುತ್ತಿದ್ದರು, ಬೇರೆ ದಾರಿ ಇರಲಿಲ್ಲ. ನನ್ನ ಹತ್ತಿರ ಗುಟ್ಟಾಗಿ ಕೇಳಬಹುದಾದದ್ದನ್ನು ಊರ ಮುಂದೆ ಯಾರೂ ಕೇಳುವುದಿಲ್ಲ.

ವಂಶಾವಳಿ ವಿಷಯ ಬೇರೆ, ಅಲ್ಲಿ ಊರ ಮುಂದೆಯೂ ನಾಚಿಕೆ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಉತಾರದಲ್ಲಿ ವಾರಸಾ ಹಚ್ಚಲು ವಂಶಾವಳಿ ಬೇಕು. ಅಣ್ಣತಮ್ಮಂದಿರು ಬರುತ್ತಾರೆ, ಜೊತೆಗೆ ಇಬ್ಬರು ಹಿರಿಯರು. ಚೀಟಿಯಲ್ಲಿ ಬರೀ ಗಂಡುಮಕ್ಕಳ ಹೆಸರು. "ಹೆಣ್ಮಕ್ಕಳು?" ಅಂದರೆ, "ಅವ್ರನ್ನ ಮದುವಿ ಮಾಡಿ ಕೊಟ್ಟೇವಲ್ರಿ, ಅವ್ರ ಹೆಸರು ಯಾಕ ಬೇಕ್ರಿ?" ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದು ಎಷ್ಟು ವರ್ಷವಾಯಿತು, ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಬಿಡಿಸಿ ಹೇಳಿತು. ಕೇಳುವವರು ಯಾರು? ಪಂಚಾಯಿತಿ ಚುನಾವಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಎರಡೂ ಪಾರ್ಟಿಯವರು ಇಲ್ಲಿ ಮಾತ್ರ ಒಂದೇ ಬೆಂಚಿನ ಮೇಲೆ ಕೂತು ನನಗೆ ಬುದ್ಧಿ ಹೇಳುತ್ತಾರೆ. ನೀವೂ ಒಬ್ಬ ಹೆಣ್ಮಗಳು, ಸಂಸಾರ ಒಡೀಬ್ಯಾಡ್ರಿ ಅನ್ನುವವರೂ ಇದ್ದಾರೆ. ನಾನು ಹೇಳುವುದು ಒಂದೇ ಮಾತು: ಹುಟ್ಟಿದವರ ಹೆಸರು ನಾನು ಬರೆಯುತ್ತೇನೆ. ಪಾಲು ಬೇಡ ಅಂದರೆ ಅಕ್ಕತಂಗಿಯರೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಲಿ. ಅದಕ್ಕೆ ಸಿಟ್ಟು ಮಾಡಿಕೊಂಡು ಹೋದವರು ಬಹಳ ಜನ. ಎಂಎಲ್‌ಎ ಕಡೆಯ ಫೋನ್ ಬಂದರೂ ನನಗೆ ಇಷ್ಟು ಸುಸ್ತಾಗುವುದಿಲ್ಲ.

ನಮ್ಮ ಭಾಗದ ಜನ ಸರ್ಕಾರಕ್ಕೆ ಹೆದರುವವರು ಅಂತ ತಿಳಿಯಬೇಡಿ. 1980ರ ಜುಲೈ 21ರಂದು ನರಗುಂದದಲ್ಲಿ ನೀರಾವರಿ ಜಮೀನಿನ ಮೇಲೆ ಹಾಕಿದ ಬೆಟರ್‌ಮೆಂಟ್ ಲೆವಿ ವಿರುದ್ಧ ಎದ್ದ ರೈತರ ಬಂಡಾಯ ಇಡೀ ರಾಜ್ಯವನ್ನು ಅಲುಗಾಡಿಸಿತು. 2015ರಲ್ಲಿ ಮಹದಾಯಿ ನೀರಿಗಾಗಿ ಅದೇ ನರಗುಂದದಲ್ಲಿ ಧರಣಿ ಶುರುವಾಯಿತು. ಈಗಲೂ ಜುಲೈ 21ಕ್ಕೆ ಹೋಗಿ ಗಂಟಲು ಹರಿಯುವ ಹಾಗೆ ಘೋಷಣೆ ಕೂಗಿ ಬರುವ ಅಜ್ಜಂದಿರು ನಮ್ಮೂರುಗಳಲ್ಲಿ ಇದ್ದಾರೆ. ಅಂಥವನೇ ಒಬ್ಬ, ತನ್ನ ಸಂಧ್ಯಾ ಸುರಕ್ಷಾ ಪಿಂಚಣಿ ಹಣ ನಿಂತಾಗ ನನ್ನ ಹತ್ತಿರ ಒಬ್ಬನೇ ಬರಲಿಲ್ಲ. ಮೆಂಬರ್‌ನ ಒಳಗೆ ಕಳಿಸಿ, ತಾನು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ. ತಿಂಗಳಿಗೆ 1,200 ರೂಪಾಯಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ, ಅಷ್ಟೇ. ಬ್ಯಾಂಕಿಗೆ ಹೋಗಿ ಒಂದು ಫಾರ್ಮ್ ಕೊಟ್ಟರೆ ಮುಗಿಯುತ್ತಿತ್ತು. ಆ ಮಾತನ್ನು ಮೆಂಬರ್‌ಗೆ ಹೇಳಲಿಲ್ಲ. ಅಜ್ಜನನ್ನು ಒಳಗೆ ಕರೆಸಿ, ಕುರ್ಚಿ ಹಾಕಿಸಿ ಅವನಿಗೇ ಹೇಳಿದೆ. ಮೆಂಬರ್ ಮುಖ ಸ್ವಲ್ಪ ಸಣ್ಣದಾಯಿತು. ಆಗಲಿ ಬಿಡಿ.

ವರ್ಗಾವಣೆ ಭಯದ ಬಗ್ಗೆ ಮಾವ ಏನಾದರೂ ಹೇಳಿರಬೇಕು. "ನಿಮ್ಮನ್ನ ಎತ್ತಂಗಡಿ ಮಾಡಸ್ತೀನಿ" ಅನ್ನುವವರು ಸಿಗುತ್ತಾರೆ. ನಮ್ಮದು ಜಿಲ್ಲಾ ಮಟ್ಟದ ಹುದ್ದೆ, ನೇಮಕ ಮಾಡುವವರು ಜಿಲ್ಲಾಧಿಕಾರಿ. ಎತ್ತಿದರೂ ಸಾಮಾನ್ಯವಾಗಿ ಜಿಲ್ಲೆಯೊಳಗೇ ಎಲ್ಲೋ ಹಾಕುತ್ತಾರೆ. ನರಗುಂದದ ಕಡೆಯಿಂದ ಮುಂಡರಗಿ ಕಡೆಗೆ ಹೋದರೆ ಮನೆ ಬದಲಿಸಬೇಕು, ಮಕ್ಕಳ ಶಾಲೆ ಬದಲಿಸಬೇಕು. ಅದು ಸಣ್ಣ ತೊಂದರೆ ಏನಲ್ಲ. ಆದರೆ ನೌಕರಿ ಹೋಗುವಂಥದ್ದೂ ಅಲ್ಲ. ನೌಕರಿಗೆ ಕುತ್ತು ಬರುವುದು ಸುಳ್ಳು ವರದಿ ಬರೆದಾಗ. ಆಗ ಬರೆಸಿಕೊಂಡ ಲೀಡರ್ ಲೋಕಾಯುಕ್ತಕ್ಕೆ ನಮ್ಮ ಜೊತೆ ಬರುವುದಿಲ್ಲ, ಸಹಿ ನಮ್ಮದೊಂದೇ ಇರುತ್ತದೆ. ಮೇಲಿನವರು ಫೋನಿನಲ್ಲಿ ಏನಾದರೂ "ಮಾಡಿಬಿಡಿ" ಅಂದರೆ, "ಸರ್, ತಾವು ಹೇಳಿದಂತೆ" ಅಂತ ಕಡತದಲ್ಲೇ ಟಿಪ್ಪಣಿ ಹಾಕಿ ಆದೇಶ ಕೋರಿ ಕಳಿಸಿ. ಅರ್ಧಕ್ಕರ್ಧ ವಿಷಯ ಅಲ್ಲಿಗೇ ತಣ್ಣಗಾಗುತ್ತದೆ.

ಹಾಗಾಗಿ ಓದೋದು ಬಿಡಬೇಡಿ. ಕಡ್ಡಾಯ ಕನ್ನಡ ಪತ್ರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ನೇಮಕಾತಿಯಲ್ಲಿ 150ಕ್ಕೆ ಕನಿಷ್ಠ 50 ಬರಬೇಕಿತ್ತು, ಬರದವರ ಉಳಿದ ಅಂಕ ಲೆಕ್ಕಕ್ಕೇ ಬರಲಿಲ್ಲ. ಆಯ್ಕೆಯಾದರೆ ಸ್ವಂತ ಊರಿರುವ ಹೋಬಳಿ ಮಾತ್ರ ಕೇಳಬೇಡಿ. ಅಲ್ಲಿ ಮೊದಲ ಫೋನ್ ಲೀಡರ್‌ದಲ್ಲ, ಇದೇ ನಿಮ್ಮ ಮಾವನದು ಬರುತ್ತದೆ.